ಬೆಳಗಿನ ಜಾವದ ಎದೆಬಡಿತ

ನನಗೆ ಆಗ 53 ವರ್ಷ. ಶಿವಮೊಗ್ಗ ಜಿಲ್ಲೆಯ ಸಾಗರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. 2022ರ ಮಳೆಗಾಲ ಹಿಡಿಯುವ ಹೊತ್ತಿಗೆ, ವಾರದಲ್ಲಿ ನಾಲ್ಕೈದು ರಾತ್ರಿ, ಹೆಚ್ಚುಕಡಿಮೆ ಮೂರು ಗಂಟೆ ಕಳೆದ ಮೇಲೆ, ಯಾರೋ ಭುಜ ಹಿಡಿದು ಎಬ್ಬಿಸಿದಂತೆ ದಡಕ್ಕನೆ ಎದ್ದು ಕೂರುವುದು ಶುರುವಾಯಿತು. ಎದ್ದಾಗ ಎದೆ ಡವಗುಟ್ಟುತ್ತಿತ್ತು, ಕತ್ತು ಬೆವರಿರುತ್ತಿತ್ತು, ಬಾಯಿ ಒಣಗಿ ನಾಲಿಗೆ ಮೇಲಕ್ಕೆ ಅಂಟಿಕೊಂಡಿರುತ್ತಿತ್ತು. ಐದು ನಿಮಿಷ ಕುಳಿತರೆ ಬಡಿತ ಇಳಿಯುತ್ತಿತ್ತು, ಆದರೆ ಮತ್ತೆ ಮಲಗಲು ಹೆದರಿಕೆಯಾಗುತ್ತಿತ್ತು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಬೆವರು, ಎದೆಬಡಿತ, ನಿದ್ದೆ ಕೆಡುವುದು ಎಲ್ಲವೂ ಆ ವಯಸ್ಸಿನದೇ ಎಂದು ನಾನೂ ಅಂದುಕೊಂಡೆ, ನನ್ನ ಜೊತೆಯ ಶಿಕ್ಷಕಿಯರೂ ಹಾಗೆಯೇ ಹೇಳಿದರು. ಆ ಒಂದು ಮಾತಿನಿಂದಾಗಿ ನಾನು ನಾಲ್ಕು ತಿಂಗಳು ಕಳೆದುಕೊಂಡೆ.

ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ಮನೆಯಲ್ಲಿತ್ತು. ಒಂದು ರಾತ್ರಿ ಎದ್ದ ಕೂಡಲೇ ದೀಪ ಹಾಕಿ, ಮೇಜಿನ ಖಾನೆಯಲ್ಲಿ ಹುಡುಕಿ, ಬೆರಳಿಗೆ ಸಿಕ್ಕಿಸಿಕೊಂಡೆ. ನಾಡಿಬಡಿತ 118 ಎಂದು ತೋರಿಸಿತು, ಆಮ್ಲಜನಕ 96. ಮರುದಿನ 112 ಮತ್ತು 95. ಒಂದು ರಾತ್ರಿ ಮಾತ್ರ, ಆಕ್ಸಿಮೀಟರನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದಾಗ, 84 ಎಂಬ ಅಂಕಿ ಕ್ಷಣಕಾಲ ಕಂಡು, ನೋಡನೋಡುತ್ತಿದ್ದಂತೆ 90, 93, 96 ಎಂದು ಏರಿಬಿಟ್ಟಿತು. ಚಳಿಗೆ ಬೆರಳು ತಣ್ಣಗಾಗಿದ್ದರಿಂದ ಯಂತ್ರ ತಪ್ಪು ತೋರಿಸಿರಬೇಕು ಎಂದುಕೊಂಡೆ. ತಣ್ಣಗಾದ ಬೆರಳು ಮತ್ತು ಉಗುರುಬಣ್ಣ ಆಕ್ಸಿಮೀಟರನ್ನು ದಾರಿ ತಪ್ಪಿಸಬಲ್ಲವು ಎಂಬುದು ನಿಜ. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯೊಂದಿಗೆ ಏರಿಳಿಯುವ ರಕ್ತ ಅವೆರಡನ್ನು ಎಷ್ಟೆಷ್ಟು ಹೀರಿತು ಎಂದು ಹೋಲಿಸಿ ಲೆಕ್ಕ ಹಾಕುವ ಸಾಧನ ಅದು. ಆದರೆ ಆ ರಾತ್ರಿ ಅದು ತಪ್ಪಿರಲಿಲ್ಲ. ಉಳಿದ ರಾತ್ರಿಗಳಲ್ಲಿ ತಪ್ಪಿದ್ದು ನಾನು ಅಳೆದ ಹೊತ್ತು.

ಇದನ್ನು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ನನಗಿದ್ದದ್ದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಎಂದು ಆಮೇಲೆ ತಿಳಿಯಿತು. ಎಚ್ಚರಾದೆವು ಎಂದರೆ ಗಂಟಲು ಆಗಲೇ ತೆರೆದುಕೊಂಡಿದೆ, ಎರಡು ಮೂರು ದೊಡ್ಡ ಉಸಿರು ಒಳಗೆ ಹೋಗಿವೆ ಎಂದೇ ಅರ್ಥ. ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಬೆರಳ ತುದಿಗೆ ಬರಲು ಅರ್ಧ ನಿಮಿಷದ ಆಸುಪಾಸು ಬೇಕಾಗುವುದರಿಂದ ಅಷ್ಟು ಹೊತ್ತು ಮಾತ್ರ ಕುಸಿದ ಅಂಕಿ ಕಾಣಬಹುದು. ದೀಪ ಹಾಕಿ, ಕನ್ನಡಕ ಹುಡುಕುವಷ್ಟರಲ್ಲಿ ಅದು ಅಳಿಸಿಹೋಗಿರುತ್ತದೆ. ಎದೆಬಡಿತ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಹೀಗಾಗಿ ವೈದ್ಯರ ಮುಂದೆ ನಾನು ಇಟ್ಟ ಚೀಟಿಯಲ್ಲಿ ಆಮ್ಲಜನಕ ಸರಿಯಾಗಿತ್ತು, ಬಡಿತ ಜೋರಾಗಿತ್ತು. ಅದನ್ನು ನೋಡಿದವರು ಗಾಬರಿಯ ತೊಂದರೆ ಎಂದು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ವಾರಕ್ಕೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಮಾತ್ರೆ ತೆಗೆದುಕೊಂಡ ದಿನಗಳಲ್ಲಿ ಬೆಳಿಗ್ಗೆ ತಲೆನೋವು ಹೆಚ್ಚಾಗಿ, ಮೊದಲನೆಯ ತರಗತಿಯಲ್ಲಿ ನಿಂತಲ್ಲೇ ಕಣ್ಣು ಮುಚ್ಚುವಂತಾಗುತ್ತಿತ್ತು. ಕೆಲವು ನಿದ್ದೆ ಮಾತ್ರೆಗಳು, ಹಾಗೆಯೇ ಮದ್ಯ, ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ, ಎಬ್ಬಿಸುವ ಎಚ್ಚರಿಕೆಯನ್ನೂ ತಡಮಾಡುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹೃದಯದ ಪರೀಕ್ಷೆಗಳನ್ನು ಮೊದಲು ಮಾಡಿಸಿದ್ದು ಮಾತ್ರ ಸರಿಯಾದ ಕ್ರಮವೇ ಆಗಿತ್ತು. ರಾತ್ರಿ ಉಸಿರು ಕಟ್ಟಿ ಎದ್ದು ಕೂರುವಂತೆ ಮಾಡುವುದರಲ್ಲಿ ಹೃದಯದ ದುರ್ಬಲತೆಯೂ ಇದೆ, ಬಡಿತದ ಲಯ ತಪ್ಪುವುದೂ ಇದೆ, ಉಬ್ಬಸವೂ ಇದೆ, ಹುಳಿತೇಗು ಗಂಟಲಿಗೆ ಬರುವುದೂ ಇದೆ. ಎದೆನೋವು, ಕಾಲಿನ ಬಾವು, ಕಣ್ಣುಕತ್ತಲೆ ಜೊತೆಗಿದ್ದರೆ ನನ್ನ ಹಾಗೆ ತಿಂಗಳುಗಟ್ಟಲೆ ಕಾಯಬಾರದು. ನನ್ನ ಇಸಿಜಿ ಮತ್ತು ಎಕೋ ಸರಿಯಾಗಿದ್ದವು, ಥೈರಾಯ್ಡ್ ಸರಿಯಾಗಿತ್ತು, ಸಕ್ಕರೆ ಇರಲಿಲ್ಲ. ರಕ್ತದೊತ್ತಡಕ್ಕೆ ಒಂದು ಮಾತ್ರೆ ಮೂರು ವರ್ಷದಿಂದ ನಡೆಯುತ್ತಿತ್ತು. ಇಪ್ಪತ್ನಾಲ್ಕು ಗಂಟೆ ಇಸಿಜಿ ದಾಖಲಿಸುವ ಹೋಲ್ಟರ್ ಕಟ್ಟಿಸಿಕೊಂಡಾಗ ಮಾತ್ರ ಶಿವಮೊಗ್ಗದ ಹೃದ್ರೋಗ ತಜ್ಞರು ಒಂದು ವಿಷಯ ಗಮನಿಸಿದರು. ಬೆಳಗಿನ ಜಾವ ಮೂರರಿಂದ ಐದರ ನಡುವೆ ಬಡಿತ ನಿಧಾನವಾಗಿ ಐವತ್ತರ ಆಸುಪಾಸಿಗೆ ಇಳಿಯುತ್ತಿತ್ತು, ಒಮ್ಮೆಗೇ ನೂರರ ಹತ್ತಿರ ಹಾರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಇದು ನಿಮಿಷಕ್ಕೊಮ್ಮೆ ಎಂಬಂತೆ ಸಾಲಾಗಿ ನಡೆದಿತ್ತು. ಅವರು ಕೇಳಿದರು: “ಟೀಚರ್, ನೀವು ಗೊರಕೆ ಹೊಡೆಯುತ್ತೀರಾ?”

ಇಲ್ಲ ಎಂದುಬಿಟ್ಟೆ. ನಮ್ಮವರು ತೋಟದ ಕೆಲಸ ಮಾಡಿ ಮಲಗಿದರೆ ಬೆಳಗಿನವರೆಗೆ ಏಳುವವರಲ್ಲ, ಅವರು ಎಂದೂ ಹೇಳಿರಲಿಲ್ಲ. ಹೆಂಗಸರಾದವರು ಗೊರಕೆ ಹೊಡೆಯುತ್ತೇವೆಂದು ಒಪ್ಪಿಕೊಳ್ಳುವುದು ನಮ್ಮಲ್ಲಿ ಸಂಕೋಚದ ಮಾತು. ಸ್ಲೀಪ್ ಆಪ್ನಿಯಾದ ಅನುಮಾನವಿದ್ದಾಗ ಬಳಸುವ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯನ್ನು ವೈದ್ಯರು ಕೊಟ್ಟರು. ಹಗಲಿನ ಆಯಾಸ, ರಕ್ತದೊತ್ತಡ, ಐವತ್ತು ದಾಟಿದ ವಯಸ್ಸು, ಹೀಗೆ ಮೂರು ಅಂಕ ಬಂದವು. ಗೊರಕೆಗೆ ಒಂದು, ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದರೆ ಒಂದು, ಗಂಡಸಾಗಿದ್ದರೆ ಒಂದು. ಆ ವರ್ಷದ ದೀಪಾವಳಿಗೆ ಬಂದ ಮಗಳು ನನ್ನ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗಿದ್ದಳು. ಬೆಳಿಗ್ಗೆ ಕಾಫಿ ಕುಡಿಯುವಾಗ ಅವಳ ಮುಖ ಬಿಳಿಚಿಕೊಂಡಿತ್ತು. “ಅಮ್ಮ, ನಿನ್ನ ಗೊರಕೆ ನಿಂತಾಗ ನಾನು ಎಣಿಸಿದೆ. ನಲವತ್ತರವರೆಗೆ ಎಣಿಸಿದ ಮೇಲೆ ನಿನ್ನನ್ನು ಅಲುಗಾಡಿಸಿದೆ,” ಎಂದಳು. ನನಗೆ ಅದರ ನೆನಪೇ ಇರಲಿಲ್ಲ. ನನ್ನ ಅಂಕ ಮೂರರಿಂದ ಐದಕ್ಕೆ ಏರಿತು, ಅಂದರೆ ಹೆಚ್ಚಿನ ಅಪಾಯದ ಗುಂಪಿಗೆ. ನನ್ನ ದೇಹದಲ್ಲಿ ಏನೂ ಬದಲಾಗಿರಲಿಲ್ಲ. ಒಬ್ಬಳು ಎಚ್ಚರವಿದ್ದು ನೋಡಿದ್ದಳು, ಅಷ್ಟೇ. ಒಬ್ಬರೇ ಮಲಗುವ ಹೆಂಗಸರು, ಗಾಢವಾಗಿ ನಿದ್ರಿಸುವ ಗಂಡನ ಪಕ್ಕದಲ್ಲಿ ಮಲಗುವ ಹೆಂಗಸರು ಈ ಪಟ್ಟಿಯಲ್ಲಿ ಎಷ್ಟು ಸುಲಭವಾಗಿ ತಪ್ಪಿಹೋಗುತ್ತಾರೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮಗಳು ಬೆಂಗಳೂರಿನಿಂದ ರಾತ್ರಿಯಿಡೀ ದಾಖಲಿಸುವ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಆಕ್ಸಿಮೀಟರ್ ಕಳಿಸಿದಳು. ಮೂರು ರಾತ್ರಿ ಕಟ್ಟಿಕೊಂಡು ಮಲಗಿದೆ. ಮೊದಲರ್ಧ ರಾತ್ರಿ ಗೆರೆ ಬಹುಪಾಲು 95ರ ಮೇಲೆ ನೇರವಾಗಿತ್ತು. ಮೂರರ ನಂತರ ಗರಗಸದ ಹಲ್ಲುಗಳಂತೆ ಕುಸಿದು ಏರುತ್ತಿತ್ತು, ಪ್ರತಿ ಹಲ್ಲಿನ ಕೊನೆಗೂ ನಾಡಿಯ ಗೆರೆ ಮೊನಚಾಗಿ ಮೇಲೆದ್ದಿತ್ತು. ಆ ಕಾಗದ ಹಿಡಿದುಕೊಂಡು ಹೋದ ಮೇಲೆ ನಿದ್ರೆಯ ಪರೀಕ್ಷೆಗೆ ತಡವಾಗಲಿಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ವೈರುಗಳು, ಎದೆಗೂ ಹೊಟ್ಟೆಗೂ ಎರಡು ಪಟ್ಟಿ, ಮೂಗಿನಡಿಯಲ್ಲಿ ಸಣ್ಣ ನಳಿಕೆ. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುವುದೇ ಎಂದು ಅಂಜಿದ್ದೆ, ಬಂದಿತು. ಎಣ್ಣೆ ಹಚ್ಚದೆ ತಲೆ ತೊಳೆದುಕೊಂಡು ಹೋದರೆ ವೈರುಗಳು ಚೆನ್ನಾಗಿ ಅಂಟುತ್ತವೆ.

ಗಂಟೆಗೆ ಸರಾಸರಿ 27 ಬಾರಿ ನನ್ನ ಉಸಿರು ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ನಿಲ್ಲುತ್ತಿತ್ತು ಅಥವಾ ಅರೆಬರೆಯಾಗುತ್ತಿತ್ತು. ಐದಕ್ಕಿಂತ ಕಡಿಮೆ ಇದ್ದರೆ ಸಹಜ, ಹದಿನೈದರಿಂದ ಮೂವತ್ತರವರೆಗೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ ಎಂದು ಲೆಕ್ಕ. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ: ಕನಸಿನ ನಿದ್ದೆಯಲ್ಲಿ ಮಾತ್ರ ಎಣಿಸಿದರೆ ಗಂಟೆಗೆ 54, ಅತ್ಯಂತ ಕೆಳಗಿಳಿದ ಆಮ್ಲಜನಕ 76. ಕನಸು ಬೀಳುವ ನಿದ್ದೆಯಲ್ಲಿ ವಪೆಯನ್ನು ಬಿಟ್ಟು ದೇಹದ ಬಹುತೇಕ ಸ್ನಾಯುಗಳು ನಿಶ್ಶಕ್ತವಾಗುತ್ತವೆ, ನಾಲಿಗೆಯ ಬುಡವೂ ಗಂಟಲಿನ ಗೋಡೆಯೂ ಕುಸಿಯುತ್ತವೆ. ಆ ನಿದ್ದೆಯ ದೀರ್ಘ ಅವಧಿಗಳು ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಮೂರು ಗಂಟೆಯ ಮೇಲೆಯೇ ಏಕೆ ಏಳುತ್ತೇನೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಹೆಚ್ಚುತ್ತದೆ ಎಂದೂ ಅಂದೇ ತಿಳಿಯಿತು. ವಯಸ್ಸಿನದು ಎಂದುಕೊಂಡಿದ್ದು ಪೂರ್ತಿ ಸುಳ್ಳಾಗಿರಲಿಲ್ಲ, ಆದರೆ ಸಹಿಸಿಕೊಂಡು ಇರಬೇಕಾದದ್ದಾಗಿರಲಿಲ್ಲ. ರಾತ್ರಿ ಮೂರು ಬಾರಿ ಮೂತ್ರಕ್ಕೆ ಏಳುತ್ತಿದ್ದುದಕ್ಕೂ ಕಾರಣ ಸಿಕ್ಕಿತು: ಮುಚ್ಚಿದ ಗಂಟಲಿನ ಎದುರು ಎದೆ ಉಸಿರೆಳೆಯಲು ಹೆಣಗುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗಿ, ರಕ್ತ ಹೆಚ್ಚಾಗಿದೆ ಎಂದು ಭಾವಿಸಿ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತವೆ.

ಬಂಧುವೊಬ್ಬರು ಕೋವಿಡ್ ಕಾಲದ ಆಕ್ಸಿಜನ್ ಕಾನ್ಸೆಂಟ್ರೇಟರ್ ತಮ್ಮಲ್ಲಿದೆ, ಅದನ್ನೇ ಇಟ್ಟುಕೊಳ್ಳಿ ಎಂದು ಪ್ರೀತಿಯಿಂದ ಹೇಳಿದರು. ಗಾಳಿಯಲ್ಲಿ ಆಮ್ಲಜನಕಕ್ಕೆ ಕೊರತೆ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಬಾಗಿಲು ತೆರೆದಿಡುವ ಕೆಲಸವನ್ನು, ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರ ಮಾಡುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಕಾಲಿನ್ ಸಲಿವನ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಇದನ್ನು ಪ್ರಕಟಿಸುವ ಮೊದಲು, ತೀವ್ರವಾಗಿ ಬಳಲುವವರಿಗೆ ಕತ್ತಿನಲ್ಲಿ ರಂಧ್ರ ಮಾಡುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ನನ್ನ ಯಂತ್ರ ಸುಮಾರು ಒಂಬತ್ತು ಸೆಂಟಿಮೀಟರ್ ನೀರಿನ ಒತ್ತಡದಲ್ಲಿ ನೆಲೆಸಿತು. ಅದು ಎಷ್ಟು ಎಂದು ಮನೆಯವರಿಗೆ ತೋರಿಸಲು ಒಂದು ಚೊಂಬಿನ ನೀರಿನಲ್ಲಿ ಒಂಬತ್ತು ಸೆಂಟಿಮೀಟರ್ ಆಳಕ್ಕೆ ಸ್ಟ್ರಾ ಇಳಿಸಿ ಊದಿಸಿದೆ. ಗುಳ್ಳೆ ಬರಲು ಬೇಕಾದಷ್ಟೇ ಒತ್ತಡ; ಮಗುವೂ ಊದಬಲ್ಲದು. ಗಂಟಲನ್ನು ಒಳಗಿನಿಂದ ಆನಿಸಿ ಹಿಡಿಯಲು ಅಷ್ಟು ಸಾಕು.

ಆದರೂ ಮೊದಲ ರಾತ್ರಿ ನಲವತ್ತು ನಿಮಿಷಕ್ಕೆ ಮಾಸ್ಕ್ ಕಿತ್ತು ಎಸೆದೆ. ಎರಡನೆಯ ರಾತ್ರಿ ಒಂದೂವರೆ ಗಂಟೆ. ಮುಖಕ್ಕೆ ಗಾಳಿ ನುಗ್ಗುತ್ತಿದ್ದರೆ ಉಸಿರು ಬಿಡುವುದೇ ಕಷ್ಟವೆನಿಸುತ್ತಿತ್ತು. ಆಗ ಕ್ರಮ ಬದಲಿಸಿದೆ. ಸಂಜೆ ಉತ್ತರಪತ್ರಿಕೆ ತಿದ್ದುವಾಗ, ಎಚ್ಚರವಿದ್ದೇ, ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕೂರತೊಡಗಿದೆ. ಗಮನ ಪತ್ರಿಕೆಯಲ್ಲಿದ್ದಾಗ ಉಸಿರು ತಾನೇ ದಾರಿ ಕಂಡುಕೊಳ್ಳುತ್ತದೆ. ರಾತ್ರಿ ನಾಲ್ಕು ಸೆಂಟಿಮೀಟರ್ ಒತ್ತಡದಿಂದ ಆರಂಭಿಸಿ ನಿಧಾನ ಏರುವಂತೆ ತಂತ್ರಜ್ಞರು ಹೊಂದಿಸಿಕೊಟ್ಟರು. ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿದ್ದುದಕ್ಕೆ ಕಾರಣ ನನ್ನ ಮೂಗುತಿ ಎಂಬುದನ್ನು ಕಂಡುಹಿಡಿಯಲು ಹತ್ತು ದಿನ ಬೇಕಾಯಿತು. ಮದುವೆಯಾದಂದಿನಿಂದ ತೆಗೆಯದಿದ್ದ ಅದನ್ನು ತೆಗೆಯಲು ಮನಸ್ಸು ಬಾರದೆ, ಚಪ್ಪಟೆಯಾದ ಸಣ್ಣ ಬೊಟ್ಟು ಮಾಡಿಸಿಕೊಂಡೆ. ಮೂಗಿನ ಹೊಳ್ಳೆಯ ಹೊರಗೆ ಕೂರುವ ಮಾಸ್ಕ್ ಅದರ ಮೇಲೆ ಸರಿಯಾಗಿ ಕುಳಿತಿತು. ತುರುಬು ಕಟ್ಟಿಕೊಂಡು ಮಲಗಿದರೆ ಹಿಂದಿನ ಪಟ್ಟಿ ಜಾರುತ್ತದೆ, ಸಡಿಲವಾದ ಜಡೆಯನ್ನು ಪಕ್ಕಕ್ಕೆ ಹಾಕಿಕೊಳ್ಳಬೇಕು. ಎಣ್ಣೆಮುಖಕ್ಕೆ ಸಿಲಿಕೋನ್ ನಿಲ್ಲುವುದಿಲ್ಲ; ಮಲಗುವ ಮೊದಲು ಮುಖ ತೊಳೆದು ಒರೆಸಿಕೊಳ್ಳುವುದು, ಬೆಳಿಗ್ಗೆ ಮಾಸ್ಕನ್ನು ಮೆದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು ಈಗ ಹಲ್ಲುಜ್ಜುವಷ್ಟೇ ರೂಢಿ.

ಮಲೆನಾಡಿನ ಚಳಿಗಾಲದಲ್ಲಿ ಇನ್ನೊಂದು ತೊಡಕು. ಯಂತ್ರದ ನೀರಿನ ತೊಟ್ಟಿಯಿಂದ ಬಂದ ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ಹನಿಯಾಗಿ ಗುಳುಗುಳು ಸದ್ದು ಮಾಡುತ್ತ ಮೂಗಿಗೇ ಬರುತ್ತಿತ್ತು. ಹಳೆಯ ಹತ್ತಿ ಸೀರೆಯ ಅಂಚಿನಿಂದ ಕೊಳವೆಗೆ ಚೀಲ ಹೊಲಿದು ಹಾಕಿ, ಅದನ್ನು ಕಂಬಳಿಯ ಒಳಗಿನಿಂದ ಹಾಯಿಸಿದೆ, ನಿಂತಿತು. ತೊಟ್ಟಿಗೆ ಔಷಧದಂಗಡಿಯ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಕಾಯಿಸಿ ಹಾಕಿದರೆ ತಳದಲ್ಲಿ ಬಿಳಿ ಕರಗಟ್ಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಹೋಗದ ರಾತ್ರಿ ಅಪರೂಪ, ಹಾಗಾಗಿ ಯಂತ್ರವನ್ನು ಮನೆಯ ಯುಪಿಎಸ್‌ಗೆ ಜೋಡಿಸಿದ್ದೇವೆ. ನೀರು ಬಿಸಿಮಾಡುವ ಭಾಗವನ್ನು ಆರಿಸಿಟ್ಟರೆ ಯಂತ್ರ ತೀರ ಕಡಿಮೆ ವಿದ್ಯುತ್ ಬಳಸುತ್ತದೆ, ಬ್ಯಾಟರಿ ರಾತ್ರಿ ಪೂರ್ತಿ ಬರುತ್ತದೆ.

ಐದನೆಯ ವಾರದಲ್ಲಿ ಮೊದಲ ಬಾರಿಗೆ ಆರು ಗಂಟೆ ಒಂದೇ ಸಮನೆ ಮಲಗಿದೆ. ಯಂತ್ರದ ಲೆಕ್ಕದಲ್ಲಿ ಉಸಿರು ಕಟ್ಟುವುದು ಈಗ ಗಂಟೆಗೆ ಎರಡರ ಆಸುಪಾಸು. ಮಣಿಕಟ್ಟಿನ ಆಕ್ಸಿಮೀಟರನ್ನು ಮತ್ತೆ ಕಟ್ಟಿಕೊಂಡು ನೋಡಿದಾಗ ಅತ್ಯಂತ ಕೆಳಗಿನ ಅಂಕಿ 91 ಇತ್ತು. ಮೂತ್ರಕ್ಕೆ ಏಳುವುದು ನಿಂತಿದೆ, ಬೆಳಗಿನ ತಲೆನೋವು ಹೋಗಿದೆ. ರಕ್ತದೊತ್ತಡದ ಮಾತ್ರೆ ಹಾಗೆಯೇ ಮುಂದುವರಿದಿದೆ. ಯಂತ್ರದಿಂದ ಒತ್ತಡ ಸ್ವಲ್ಪವೇ ಇಳಿಯುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಒಂದು ವರ್ಷದಲ್ಲಿ ಆರು ಕಿಲೋ ತೂಕ ಇಳಿಸಿದೆ, ಬೇಕಾದ ಒತ್ತಡವೂ ಒಂದಿಷ್ಟು ಇಳಿಯಿತು, ಆದರೆ ಮಾಸ್ಕ್ ಬಿಡುವಷ್ಟಲ್ಲ. ಜ್ವರ ನೆಗಡಿಯಲ್ಲಿ ಮೂಗು ಕಟ್ಟಿ ಮಾಸ್ಕ್ ಹಾಕದೆ ಮಲಗಿದ ಎರಡು ರಾತ್ರಿಯೂ ಮೂರು ಗಂಟೆಗೆ ಅದೇ ಎದೆಬಡಿತ ಬಂದು ಎಬ್ಬಿಸಿತು. ಆಗ ಹೆದರಲಿಲ್ಲ. ಅಷ್ಟು ದಿನ ನಾನು ಶಪಿಸಿದ್ದ ಆ ಬಡಿತವೇ, ಮುಚ್ಚಿದ ಗಂಟಲನ್ನು ತೆರೆಸಲು ಮೆದುಳು ಕೊಟ್ಟ ಕರೆಯ ಸದ್ದು ಎಂದು ಗೊತ್ತಾಗಿತ್ತು.

ಕಳೆದ ವರ್ಷ ಹೊಸನಗರದ ಕಡೆ ಒಂದು ಮದುವೆಗೆ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಹೆಂಗಸರೆಲ್ಲ ಉಪ್ಪರಿಗೆಯಲ್ಲಿ ಸಾಲಾಗಿ ಮಲಗುವ ಏರ್ಪಾಡು. ಪ್ಲಗ್ಗಿನ ಹತ್ತಿರ ಜಾಗ ಕೇಳಿ ಪಡೆದು, ಎಲ್ಲರೂ ನೋಡುತ್ತಿರುವಾಗಲೇ ಮಾಸ್ಕ್ ಕಟ್ಟಿಕೊಂಡೆ. ಬೆಳಿಗ್ಗೆ ಸ್ನಾನದ ಮನೆಯ ಹೊರಗೆ ಕಾಯುತ್ತಿದ್ದಾಗ ದೂರದ ಅತ್ತಿಗೆಯೊಬ್ಬರು ಹತ್ತಿರ ಬಂದು, ತಮಗೂ ಎರಡು ವರ್ಷದಿಂದ ಬೆಳಗಿನ ಜಾವ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅವರು ಒಬ್ಬರೇ ಮಲಗುವವರು. ಮಣಿಕಟ್ಟಿನ ಆಕ್ಸಿಮೀಟರನ್ನು ಮೂರು ರಾತ್ರಿಗೆ ಕೊಟ್ಟು ಕಳಿಸಿದೆ. ಅವರ ಕಾಗದದಲ್ಲೂ ಮೂರರ ನಂತರ ಗರಗಸದ ಹಲ್ಲುಗಳಿದ್ದವು. ಅದನ್ನು ಹಿಡಿದುಕೊಂಡು ವೈದ್ಯರಲ್ಲಿಗೆ ನಾನೇ ಅವರ ಜೊತೆ ಹೋದೆ.