ಬಿಸಿ ಅನ್ನ, ಚಿಟಿಕೆ ಉಪ್ಪು, ಅರ್ಧ ಚಮಚ ಹಸಿ ಎಣ್ಣೆ

ನಾನು ಧಾರವಾಡದ ಕಡೆಯವಳು. ನಮ್ಮನೆಯಲ್ಲಿ ಜೋಳದ ರೊಟ್ಟಿಯ ಪಕ್ಕ ಗುರೆಳ್ಳು ಚಟ್ನಿಪುಡಿ ಇರಲೇಬೇಕು. ಅವ್ವ ಪುಡಿಯ ನಡುವೆ ಬೆರಳಲ್ಲಿ ಸಣ್ಣ ಗುಳಿ ಮಾಡಿ, ಅದರೊಳಗೆ ಕುಸುಬಿ ಎಣ್ಣೆ ಬಿಡುತ್ತಿದ್ದಳು. ಕಾಯಿಸದ ಹಸಿ ಎಣ್ಣೆ. ಮದುವೆಯಾಗಿ ಸೇರಿದ್ದು ಉಡುಪಿ ಕಡೆಯ ಮನೆ. ಅಲ್ಲಿ ಅತ್ತೆ ಅವಲಕ್ಕಿಗೆ ತೆಂಗಿನತುರಿ, ಬೆಲ್ಲ, ಖಾರದ ಪುಡಿ ಹಚ್ಚಿ, ಮೇಲೆ ಹಸಿ ತೆಂಗಿನೆಣ್ಣೆ ಬಿಟ್ಟರು. ಮೊದಲ ದಿನ ತಲೆಗೆ ಹಚ್ಚುವ ಎಣ್ಣೆಯೇ ನೆನಪಾಗಿ ಗಂಟಲಲ್ಲಿ ಇಳಿಯಲಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದಿಲ್ಲದ ಅವಲಕ್ಕಿ ಸಪ್ಪೆ ಅನ್ನಿಸತೊಡಗಿತ್ತು.

ಬೆಂಗಳೂರಿಗೆ ಬಂದ ಮೇಲೆ ಇದೆಲ್ಲ ಮರೆತೇಹೋಯಿತು. ಕರಿಯಲೂ ಒಗ್ಗರಣೆಗೂ ಒಂದೇ ರಿಫೈನ್ಡ್ ಪ್ಯಾಕೆಟ್. ಒಂದು ಸಲ ಊರಿಂದ ಬಂದ ಚಟ್ನಿಪುಡಿಗೂ ಅದನ್ನೇ ಹಾಕಿಕೊಂಡೆ. ಪುಡಿ ಒದ್ದೆಯಾಯಿತು, ಅಷ್ಟೇ. ರುಚಿ ಬರಲೇ ಇಲ್ಲ. ಬರುವುದಾದರೂ ಹೇಗೆ? ರಿಫೈನ್ ಮಾಡುವಾಗ ಬಣ್ಣ ತೆಗೆಯುತ್ತಾರೆ, ಕೊನೆಗೆ 200 ಡಿಗ್ರಿ ದಾಟಿದ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆಯನ್ನೂ ತೆಗೆಯುತ್ತಾರೆ. ಪೂರಿ ಕರಿಯಲು ಅದು ಸರಿಯೇ. ಆದರೆ ಚಟ್ನಿಪುಡಿಗೆ ಬೇಕಾಗಿದ್ದೇ ಆ ವಾಸನೆ ಅಲ್ವಾ?

ಅಂದಿನಿಂದ ಎಣ್ಣೆಯನ್ನು ರುಚಿ ನೋಡಿಯೇ ಆರಿಸುತ್ತೇನೆ. ಒಂದು ತುತ್ತು ಬಿಸಿ ಅನ್ನ, ಚಿಟಿಕೆ ಉಪ್ಪು, ಮೇಲೆ ಅರ್ಧ ಚಮಚ ಎಣ್ಣೆ. ಬೇರೇನೂ ಬೇಡ. ಅನ್ನದ ಬಿಸಿಗೆ ಎಣ್ಣೆಯ ಗುಣ, ದೋಷ ಎರಡೂ ಮೇಲೆ ಬರುತ್ತವೆ. ಒಳ್ಳೆಯ ಕಡಲೆಕಾಯಿ ಎಣ್ಣೆ ಹಸಿ ಬೀಜ ಅಗಿದ ಹಾಗೆ ಸಿಹಿಯಾಗಿರುತ್ತದೆ. ಕಮಟಿದ್ದರೆ ನುಂಗಿದ ಮೇಲೆ ಗಂಟಲು ಕೆರೆಯುತ್ತದೆ, ಹಳೇ ಬಣ್ಣದ ಡಬ್ಬಿಯಂಥ ವಾಸನೆ ಮೂಗಿಗೆ ಬರುತ್ತದೆ. ಆ ಎಣ್ಣೆ ದೀಪಕ್ಕೆ ಮಾತ್ರ. ಎಷ್ಟೇ ಇಂಗು ಹಾಕಿ ಒಗ್ಗರಣೆ ಕೊಟ್ಟರೂ ಕಮಟು ಮುಚ್ಚುವುದಿಲ್ಲ.

ಗಾಣದ ಎಣ್ಣೆ ಅಂದಮಾತ್ರಕ್ಕೆ ಒಳ್ಳೆಯದೇ ಅಂದುಕೊಳ್ಳಬೇಡಿ. ನಾನು ಹಾಗೆ ನಂಬಿಕೊಂಡು ಒಂದು ಅಂಗಡಿಯಿಂದ 5 ಲೀಟರ್ ಕ್ಯಾನ್ ತಂದೆ. ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು, ಪೂರ್ತಿ ಕಮಟು. ದುಡ್ಡು ಹೋದದ್ದಕ್ಕಿಂತ ಅಷ್ಟೊಂದು ಕಡಲೆಬೀಜ ಹಾಳಾಯಿತಲ್ಲ ಅಂತ ಸಂಕಟವಾಯಿತು. ಆಮೇಲೆ ನಾನೇ 10 ಕೆ.ಜಿ. ಬೀಜ ಕೊಂಡು ಮರದ ಗಾಣಕ್ಕೆ ಹೋದೆ.

ಹೋಗುವ ಹಿಂದಿನ ದಿನವೇ ಬೀಜ ಆರಿಸಿಕೊಳ್ಳಬೇಕು. ಈ ಕೆಲಸ ಮಾತ್ರ ಬಿಡಬೇಡಿ. ಮುದುಡಿದ್ದು, ಕಪ್ಪಾಗಿದ್ದು, ಬೂಸ್ಟು ಹಿಡಿದದ್ದು ಎಲ್ಲ ಆಚೆ. ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ, ಅದು ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ರಿಫೈನ್ ಮಾಡಿದರೆ ಬಹುಪಾಲು ಹೋಗುತ್ತದೆ, ಗಾಣದಲ್ಲಿ ಆ ಶೋಧನೆ ಇಲ್ಲ. ಹಾಗಾಗಿ ನಾವು ಮೊರದ ಮುಂದೆ ಕೂತು ಆರಿಸಿದಷ್ಟೇ ನಮ್ಮ ಎಣ್ಣೆ ಶುದ್ಧ.

ಗಾಣ ತಿರುಗಲು ಶುರುವಾದಾಗ ಬೀಜ ಮೊದಲು ರವೆಯಾಯಿತು. ಆಮೇಲೆ ಉಂಡೆಯಂತೆ ಒರಳಿನ ಗೋಡೆಗೆ ಅಂಟಿಕೊಂಡಿತು. ಗಾಣದವರು ಅಂಗೈಯಲ್ಲಿ ಸ್ವಲ್ಪ ನೀರು ಚಿಮುಕಿಸಿದರು. ಸ್ವಲ್ಪ ಹೊತ್ತಿಗೆ ನಡುವೆ ಎಣ್ಣೆ ನಿಂತಿತು. ಮಜ್ಜಿಗೆಯ ಹಾಗೆ ಮಬ್ಬು, ಮುಟ್ಟಿದರೆ ಉಗುರುಬೆಚ್ಚಗೆ. 10 ಕೆ.ಜಿ.ಗೆ ಸುಮಾರು 4 ಲೀಟರ್ ಸಿಕ್ಕಿತು. ಹಿಂಡಿಯನ್ನು ಹಸು ಸಾಕಿದವರಿಗೆ ಕೊಟ್ಟೆ. ಮನೆಗೆ ತಂದು ಮೂರು ದಿನ ಅಲುಗಾಡಿಸದೆ ಇಟ್ಟೆ. ಮಡ್ಡಿಯೆಲ್ಲ ತಳಕ್ಕಿಳಿದು ಮೇಲಿನ ಎಣ್ಣೆ ತಿಳಿಯಾಯಿತು. ಅದನ್ನು ಬಸಿದು ಗಾಜಿನ ಬಾಟಲಿಗೆ ತುಂಬಿದೆ. ಮಡ್ಡಿ ಉಳಿದರೆ ಬಾಣಲೆಯಲ್ಲಿ ನೊರೆ ಬರುತ್ತದೆ, ಬೇಗ ಕಮಟುತ್ತದೆ ಕೂಡ.

ಕುಸುಬಿ ಎಣ್ಣೆಯನ್ನು ಈಗಲೂ ಊರಿಂದಲೇ ತರಿಸುತ್ತೇನೆ, ಅದೂ ಅರ್ಧ ಲೀಟರ್ ಮಾತ್ರ. ಅದರ ಕೊಬ್ಬು ಗಾಳಿ ಬೆಳಕಿಗೆ ಬಹಳ ಬೇಗ ಕೆಡುವಂಥದ್ದು. ಫ್ರಿಜ್ಜಿನಲ್ಲಿಟ್ಟು ಒಂದೂವರೆ ತಿಂಗಳಲ್ಲಿ ಮುಗಿಸುತ್ತೇನೆ. ಅದನ್ನು ನಾನು ಒಲೆಯ ಮೇಲಿಡುವುದೇ ಇಲ್ಲ. ಕಾಯಿಸಿದರೆ ಅದರ ಬೀಜದ ಪರಿಮಳ ಹೋಗಿ ಘಾಟು ಬರುತ್ತದೆ. ಚಟ್ನಿಪುಡಿ, ಹಚ್ಚಿದ ಚುರುಮುರಿ, ಹಸಿ ಈರುಳ್ಳಿ ಕಲಸಿದ ಮೊಳಕೆಕಾಳು, ಇವಕ್ಕೆ ಮೇಲಿಂದ ಸುಮ್ನೆ ಸುರಿಯಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಪೇಟೆಯ ರಿಫೈನ್ಡ್ ಕುಸುಬಿ ಎಣ್ಣೆಯಲ್ಲಿ ಆ ಪರಿಮಳ ಹುಡುಕಬೇಡಿ.

ಪುಳಿಯೋಗರೆ ಗೊಜ್ಜಿಗೆ ಎಳ್ಳೆಣ್ಣೆ. ಅದು ಜಾಸ್ತಿ ದಿನ ಕೆಡದೆ ಉಳಿಯುತ್ತದೆ ಕೂಡ. ಹುರಿದ ಎಳ್ಳಿನ ಕಡು ಕಂದು ಎಣ್ಣೆ ಬೇರೆ, ಅದನ್ನು ಗೊಜ್ಜಿಗೆ ಹಾಕಿದರೆ ಹುಣಸೆಯ ರುಚಿಯೇ ಮುಚ್ಚಿಹೋಗುತ್ತದೆ. ಬೀನ್ಸ್ ಪಲ್ಯಕ್ಕೆ ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟು, ಒಲೆ ಆರಿಸಿದ ಮೇಲೆ ಮತ್ತೊಂದು ಚಮಚ ಹಸಿಯಾಗಿ ಬಿಟ್ಟು ಮುಚ್ಚಿಡುತ್ತೇನೆ. ಒಗ್ಗರಣೆಯಲ್ಲಿ ಕಳೆದುಹೋದ ಘಮ ಆ ಒಂದು ಚಮಚದಲ್ಲಿ ವಾಪಸ್ ಬರುತ್ತದೆ. ಇದು ಅತ್ತೆಯಿಂದ ಕಲಿತದ್ದು.

ಚಳಿಗಾಲದಲ್ಲಿ ಬೆಂಗಳೂರಿನ ಬೆಳಗ್ಗೆ 24 ಡಿಗ್ರಿಗಿಂತ ಕೆಳಗಿರುತ್ತದೆ, ತೆಂಗಿನೆಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಅದನ್ನು ಒಲೆಗೆ ಹಿಡಿಯುವುದಿಲ್ಲ. ಎರಡು ಚಮಚ ಕೆರೆದು ಸ್ಟೀಲ್ ಬಟ್ಟಲಿಗೆ ಹಾಕಿ, ಕಾಫಿ ಡಿಕಾಕ್ಷನ್ ಇಳಿಯುತ್ತಿರುವ ಫಿಲ್ಟರಿನ ಮುಚ್ಚಳದ ಮೇಲಿಡುತ್ತೇನೆ. ತೆಂಗಿನಕಾಯಿ ತುರಿದು ಅವಲಕ್ಕಿ ಕಲಸುವ ಹೊತ್ತಿಗೆ ಕರಗಿ ತಿಳಿಯಾಗಿರುತ್ತದೆ.