ತೊಗಲುಗೊಂಬೆ ಮೇಳಕ್ಕೆ ಮೆಡಿಟರೇನಿಯನ್ ಕಡೆಯಿಂದ ಕರೆ ಬಂದರೆ

ಕೊಪ್ಪಳದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ, ಜಾತಿ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಅರ್ಜಿ ಎಲ್ಲಾ ಇಲ್ಲೇ. ಸುತ್ತಲಿನ ಊರುಗಳ ತೊಗಲುಗೊಂಬೆ ಮೇಳದವರು ವಿದೇಶದಿಂದ ಕಾಗದ ಬಂದರೆ ಮೊದಲು ನನ್ನ ಟೇಬಲ್ ಮೇಲೆ ತಂದಿಡುತ್ತಾರೆ. 2025ರಲ್ಲಿ ನಮ್ಮ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದ ಮೇಲಂತೂ ಹುಡುಗರಿಗೂ ಹುರುಪು ಬಂದಿದೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದನ್ನೇ: ಆಟಕ್ಕೆ ಕರೆ ಬಂದಿದೆ, ಹೋಗಲು ಏನೇನು ಮಾಡಬೇಕು? ಅದಕ್ಕೆ ಬರೆದೇ ಇಡುತ್ತಿದ್ದೇನೆ.

ಮೊದಲು, ಕರೆದವರು ಯಾರು ನೋಡಿ. 1995ರ ನವೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಆಗಿನ ಯುರೋಪಿಯನ್ ಒಕ್ಕೂಟದ 15 ದೇಶಗಳೂ ಮೆಡಿಟರೇನಿಯನ್ ಸಮುದ್ರದ ಕಡೆಯ 12 ಪಾಲುದಾರರೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಅದರಲ್ಲಿ ಮೂರು ಭಾಗ. ಒಂದು ರಾಜಕೀಯ, ಒಂದು ವ್ಯಾಪಾರ, ಮೂರನೆಯದು ಸಂಸ್ಕೃತಿ ಮತ್ತು ಜನರ ನಡುವಿನ ಒಡನಾಟ. ಈ ಮೂರನೆಯದರ ಕೆಲಸಕ್ಕೆಂದೇ 2005ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಅನ್ನಾ ಲಿಂಡ್ ಪ್ರತಿಷ್ಠಾನ ಶುರುವಾಯಿತು. 2003ರಲ್ಲಿ ಕೊಲೆಯಾದ ಸ್ವೀಡನ್ನಿನ ವಿದೇಶಾಂಗ ಸಚಿವೆಯ ಹೆಸರು ಅದು. ಒಂದೊಂದು ದೇಶದಲ್ಲೂ ಸಣ್ಣಪುಟ್ಟ ಸಂಘ-ಸಂಸ್ಥೆಗಳ ಜಾಲ ಅದಕ್ಕಿದೆ. ನಿಮ್ಮನ್ನು ಕರೆಯುವ ಉತ್ಸವದವರು ಬಹಳ ಸಲ ಇಂಥ ಜಾಲದ ಸಂಸ್ಥೆಯೇ ಆಗಿರುತ್ತಾರೆ. ಇದನ್ನು ಯಾಕೆ ಹೇಳಿದೆನೆಂದರೆ, ಆ ಪ್ರತಿಷ್ಠಾನದ ದುಡ್ಡು ಸಮುದ್ರದ ಎರಡೂ ದಂಡೆಯವರು ಕೂಡಿ ಮಾಡುವ ಕೆಲಸಕ್ಕೆ ಕೊಡುವಂಥದ್ದು. ನಾವು ಅರ್ಜಿದಾರರಲ್ಲ, ಅತಿಥಿಗಳು. ಅರ್ಜಿ ಹಾಕುವವರು ಅವರು, ಲೆಕ್ಕ ಕೊಡುವವರೂ ಅವರೇ. "ನೀವೂ ಪಾಲುದಾರರು, ಇಷ್ಟು ರೊಕ್ಕ ಮೊದಲು ಕಟ್ಟಿ" ಎಂದು ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ.

ಇನ್ನು ಆಹ್ವಾನ ಪತ್ರ. "ಬನ್ನಿ, ಖುಷಿಯಾಗುತ್ತದೆ" ಎಂಬ ಎರಡು ಸಾಲಿನ ಇಮೇಲ್ ವೀಸಾಕ್ಕೆ ನಡೆಯುವುದಿಲ್ಲ. ಲೆಟರ್‌ಹೆಡ್ ಇರಬೇಕು, ಸಹಿ ಇರಬೇಕು, ಪ್ರತಿಯೊಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ವಿಮಾನದ ಟಿಕೆಟ್, ವಸತಿ, ಊಟ, ವಿಮೆ ಯಾರದು? ಸಂಭಾವನೆ ತೆರಿಗೆ ಹಿಡಿದ ಮೇಲೆ ಕೈಗೆ ಎಷ್ಟು? ಎಲ್ಲಾ ಬರೆಸಿಕೊಳ್ಳಿ. ದುಡ್ಡು ಪಡೆದು ಆಟ ಆಡಲು ಕೆಲವು ದೇಶಗಳಲ್ಲಿ ವೀಸಾ ಅಲ್ಲದೆ ಬೇರೆ ಪರವಾನಗಿಯೂ ಬೇಕಾಗುತ್ತದೆ. ಅದನ್ನು ವಿಚಾರಿಸುವುದು ಕರೆದವರ ಕೆಲಸ ಎಂದೂ ಪತ್ರದಲ್ಲೇ ಇರಲಿ.

ಅದೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಲು ನಾನು ಹಟ ಹಿಡಿಯುತ್ತೇನೆ: ಅಲ್ಲಿನ ಗೊಂಬೆಯಾಟದವರ ಜೊತೆ ಒಂದು ಪೂರ್ತಿ ಮಧ್ಯಾಹ್ನ. ಮೇಳದ ಹಿರಿಯರೊಬ್ಬರು ಇದಕ್ಕೆ ಒಪ್ಪಲಿಲ್ಲ. "ತಮ್ಮಾ, ನಾವು ಹೋಗೂದು ಆಟ ಆಡಾಕ, ಕುಂತು ಮಾತಾಡಾಕ ಅಲ್ಲ" ಅಂದರು. "ಅಜ್ಜಾರ, ಆಟ ಮುಕ್ಕಾಲು ತಾಸಿಂದು. ಚಪ್ಪಾಳಿ ಹೊಡದು ಮಂದಿ ಮನಿಗೆ ಹೊಕ್ಕಾರ. ನಿಮ್ಮಂಗ ತೊಗಲು ಕೆತ್ತೋ ಮನಷ್ಯಾ ಅಲ್ಲಿ ಅದಾನ, ಅವನ್ನ ನೋಡದ ಬರ್ತೀರೇನು?" ಅಂದೆ. ಸುಮ್ಮನಾದರು. ನನ್ನ ಮಟ್ಟಿಗೆ ಸಾಂಸ್ಕೃತಿಕ ವಿನಿಮಯ ಅನ್ನುವುದು ಆ ಮಧ್ಯಾಹ್ನವೇ. ಉಳಿದದ್ದು ಕಾರ್ಯಕ್ರಮ.

ಹೋಗುವ ಮೊದಲು ಅವರ ಆಟದ ಬಗ್ಗೆ ಸ್ವಲ್ಪ ತಿಳಿದಿರಲಿ. ಟರ್ಕಿಯ ಕರಗೋಜ್ ನೆರಳಾಟವನ್ನು ಯುನೆಸ್ಕೋ 2009ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಆ ಗೊಂಬೆ ಸಾಮಾನ್ಯವಾಗಿ 35–40 ಸೆಂ.ಮೀ. ಎತ್ತರ. ಒಂಟೆಯ ಅಥವಾ ದನದ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಕೆತ್ತಿ, ಬಣ್ಣ ಹಾಕುತ್ತಾರೆ. ನಮ್ಮದರಲ್ಲಿ ಬಿದಿರಿನ ಕಡ್ಡಿ ಗೊಂಬೆಯ ಉದ್ದಕ್ಕೆ ಕೆಳಗಿನಿಂದ ಬರುತ್ತದೆ. ಅವರದು ಗೊಂಬೆಯ ಮೈಯಲ್ಲಿನ ತೂತಿಗೆ ಹಿಂದಿನಿಂದ ನೆಟ್ಟಗೆ ಚುಚ್ಚಿಕೊಳ್ಳುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದು ಆಡಿಸುತ್ತಾರೆ. ಎಲ್ಲಾ ಪಾತ್ರಗಳಿಗೂ ಒಬ್ಬನೇ ದನಿ ಕೊಡುತ್ತಾನೆ. ಅದೇ ಆಟ ಗ್ರೀಸಿಗೆ ಹೋಗಿ ಕರಗಿಯೋಝಿಸ್ ಆಯಿತು. ಅಲ್ಲಿ ಪರದೆಯ ಎಡಕ್ಕೆ ಬಡವನ ಮುರುಕು ಗುಡಿಸಲು, ಬಲಕ್ಕೆ ಪಾಶಾ ಎಂಬ ತುರ್ಕಿ ಅಧಿಕಾರಿಯ ಅರಮನೆ. ನಾಯಕನಿಗೆ ಬೆನ್ನಲ್ಲಿ ಗೂನು, ಒಂದು ಕೈ ಭಾರೀ ಉದ್ದ. ಸಿರಿಯಾದ ನೆರಳಾಟವನ್ನು 2018ರಲ್ಲಿ ಯುನೆಸ್ಕೋ ತುರ್ತಾಗಿ ಉಳಿಸಿಕೊಳ್ಳಬೇಕಾದ ಪಟ್ಟಿಗೆ ಹಾಕಿತು. ಅಲ್ಲಿನವರು ಯಾರಾದರೂ ಸಿಕ್ಕರೆ ಹೆಚ್ಚು ಕೇಳಿ, ಕಡಿಮೆ ಹೇಳಿ.

ಕೇಳಬೇಕಾದದ್ದು: ತೊಗಲು ಎಲ್ಲಿಂದ ತರುತ್ತಾರೆ, ಕೂದಲು ಹೇಗೆ ತೆಗೆಯುತ್ತಾರೆ, ಬಣ್ಣ ಯಾವುದು, ಕಲಿಯಲು ಹುಡುಗರು ಬರುತ್ತಾರೋ ಇಲ್ಲವೋ. ನಮ್ಮ ಆಟದ ನಗೆಜೋಡಿ ಕಿಳ್ಳೇಕ್ಯಾತ–ಬಂಗಾರಕ್ಕನ ಪೋಲಿ ಮಾತು ಅಲ್ಲಿ ಕಡಿಮೆ ಮಾಡಬೇಕೇ ಎಂದು ಅಂಜುವವರಿದ್ದಾರೆ. ಬೇಡ. ಟರ್ಕಿಯ ಆಟದಲ್ಲಿ ಜೋಡಿದಾರ ಹಾಜಿವತ್ ಜೊತೆ ಜಗಳಕ್ಕೆ ನಿಂತ ನಾಯಕ ಕರಗೋಜನ ಬಾಯಿಯೂ ಏನೂ ಕಡಿಮೆಯಿಲ್ಲ.

ಈಗ ಗೊಂಬೆ ಪೆಟ್ಟಿಗೆ. ಇಲ್ಲಿ ಎಚ್ಚರ ಬೇಕು. ಅಜ್ಜ-ಮುತ್ತಜ್ಜರ ಕಾಲದ ಕೆಲವು ಗೊಂಬೆಗಳು ಜಿಂಕೆ ಚರ್ಮದವು. 1972ರ ವನ್ಯಜೀವಿ ಕಾಯ್ದೆಯಡಿ ಅಂಥವನ್ನು ಹೊರದೇಶಕ್ಕೆ ಒಯ್ಯಲು ಹೋದರೆ ವಿಮಾನ ನಿಲ್ದಾಣದಲ್ಲೇ ಕೇಸು ಬೀಳುತ್ತದೆ. ದೇವರ ಪಕ್ಕದಲ್ಲಿ ಇಟ್ಟು ಪೂಜಿಸುವ ಗೊಂಬೆ ಅದೇ ಆಗಿದ್ದರೂ ಮನೆಯಲ್ಲೇ ಇರಲಿ. ಆಡಿನ ಚರ್ಮದವು ಸಾಕು. ನೂರು ವರ್ಷ ದಾಟಿದ್ದರೆ ಅದು ಪುರಾವಸ್ತು, ಅದೂ ಬೇಡ. ಹಳೆಯದರಂತೆ ಕಾಣುವ ಗೊಂಬೆಗೆ ಪುರಾತತ್ವ ಇಲಾಖೆಯಿಂದ ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಮಾಡಿಸಿ. ನವಿಲುಗರಿ ರಫ್ತಿಗೆ ನಿಷೇಧವಿದೆ, ತೆಗೆದಿಡಿ. ಹಸಿ ತೊಗಲು ಒಯ್ಯಬೇಡಿ. ಕೆತ್ತಿ ತೋರಿಸಲು ಬೇಕಾದರೆ ಅಲ್ಲೇ ಕೊಡಿಸಿ ಎಂದು ಮೊದಲೇ ಬರೆಯಿರಿ. ಉಳಿಗಳು ಕೈಚೀಲದಲ್ಲಿ ಅಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲಿ.

ಗೊಂಬೆಗಳ ಫೋಟೋ ಪಟ್ಟಿ ಮಾಡಿ: ಪಾತ್ರದ ಹೆಸರು, ಅಳತೆ, ಚರ್ಮ ಯಾವುದು, ಬೆಲೆ. ಹೋಗುವಾಗ ಅದನ್ನು ಕಸ್ಟಮ್ಸ್‌ಗೆ ತೋರಿಸಿ ಸರ್ಟಿಫಿಕೇಟ್ ಬರೆಸಿಕೊಂಡರೆ ವಾಪಸ್ ಬರುವಾಗ ಸುಂಕದ ತಕರಾರು ಇರದು. ಸಾಮಾನು ದೊಡ್ಡದಿದ್ದರೆ ಸುಂಕ ಕಟ್ಟದೆ ಒಯ್ದು ವಾಪಸ್ ತರಲು ಎಟಿಎ ಕಾರ್ನೆ ಎಂಬ ಪುಸ್ತಕ ಮಾಡಿಸುವುದುಂಟು, ನಮ್ಮಲ್ಲಿ ಅದನ್ನು ಕೊಡುವುದು ಫಿಕ್ಕಿ ಎಂಬ ವಾಣಿಜ್ಯೋದ್ಯಮಿಗಳ ಒಕ್ಕೂಟ. ಒಂದು ಪೆಟ್ಟಿಗೆಯ ಮೇಳಕ್ಕೆ ಅಷ್ಟೆಲ್ಲಾ ಯಾಕೆ ಅನ್ನುವುದು ನನ್ನ ಅಭಿಪ್ರಾಯ. ಆದರೂ ಕರೆದವರನ್ನು ಕೇಳಿ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ತಗೊಳ್ಳುವುದಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಲಾಭಕ್ಕಲ್ಲದ ಸಂಸ್ಥೆಯ ಪರವಾಗಿ, ಅಂಥದೇ ಸಂಸ್ಥೆ ನಡೆಸುವ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಹೋಗುವ 25 ವರ್ಷದೊಳಗಿನವರಿಗೆ ಶುಲ್ಕ ಮಾಫಿ ಇದೆ. ತಾಳ ಹಾಕುವ ಹುಡುಗರಿದ್ದರೆ ಕೇಳಿ ಪಡೆಯಿರಿ. ಟರ್ಕಿ, ಟುನೀಶಿಯಾ, ಈಜಿಪ್ಟ್ ಷೆಂಗೆನ್‌ನಲ್ಲಿ ಇಲ್ಲ, ಅವಕ್ಕೆ ಬೇರೆ ವೀಸಾ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಲೇಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ಉಳಿ ಹಿಡಿದು, ಕೂಲಿ ಮಾಡಿ ಸವೆದ ಬೆರಳು ರೇಷನ್ ಅಂಗಡಿಯ ಯಂತ್ರಕ್ಕೇ ಹತ್ತುವುದಿಲ್ಲ. ಅಲ್ಲಿ ಹೇಗೆ ಹತ್ತೀತು? ಹಿಂದಿನ ದಿನಗಳಲ್ಲಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೋಗುವ ಮುಂಜಾನೆ ತೊಳೆದು ಒರೆಸಿಕೊಳ್ಳಿ. ಹಿಮ್ಮೇಳದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ಇದ್ದರೆ ಇಲಾಖೆಯ ಅನುಮತಿ ಮೊದಲು.

ಆಟದ ಬಗ್ಗೆ ನಿಮಗೇ ಗೊತ್ತು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಹಿಂಡಿ ಮುಕ್ಕಾಲು ತಾಸು ಮಾಡುವ ಬದಲು ಒಂದೇ ಸನ್ನಿವೇಶ ಎತ್ತಿಕೊಳ್ಳಿ. ಲಂಕಾದಹನ ಸಾಕು, ಹಾಡು ಪೂರ್ತಿ ಬರಲಿ.

ಆಮೇಲೆ ಅವರನ್ನೂ ಇಲ್ಲಿಗೆ ಕರೆಯಿರಿ. ಊರಿನ ಮನೆಯಲ್ಲೇ ಇಳಿಸಿಕೊಂಡರೆ ವಿದೇಶಿಯರು ಉಳಿದಿದ್ದಾರೆಂದು ತಿಳಿಸುವ ಫಾರ್ಮ್ III (ಮೊದಲಿನ ಫಾರ್ಮ್ ಸಿ) 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಅದು ಮನೆಯವರ ಹೊಣೆ. ಖರ್ಚಿಗೆಂದು ಅವರು ನಿಮ್ಮ ಟ್ರಸ್ಟಿಗೆ ದೇಣಿಗೆ ಕಳಿಸುತ್ತೇವೆ ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲವೇ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯೂ ತಗೊಳ್ಳಬೇಡಿ. ಅವರ ಟಿಕೆಟ್ ಅವರೇ ಮಾಡಿಸಿಕೊಂಡು ಬರಲಿ. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ ನಿಮ್ಮದು. ಏಪ್ರಿಲ್, ಮೇ ಮಾತ್ರ ಬೇಡ. ಸುಗ್ಗಿ ಮುಗಿಯುವ ಹೊತ್ತಿಗೆ ಕರೆದರೆ ಬಯಲಲ್ಲೇ ಪರದೆ ಕಟ್ಟಬಹುದು.