ಎಂಜಿ132ಕ್ಕೆ ಜಗ್ಗದ ಪಿ0: ಶಿವಮೊಗ್ಗದ ಮಳೆಗಾಲದಲ್ಲಿ ಮಾಡಿದ ಎಜಿಒ1 ಬ್ಲಾಟ್, ನನ್ನ ಅನುಭವ

ಗಿಡದ ಎಜಿಒ1 ಪ್ರೋಟೀನು ಹೊರಗಿನ ಜೀನುಗಳ ಬಾಯಿ ಕಟ್ಟುತ್ತದೆ; ಪೊಲೆರೊವೈರಸ್ ಎಂಬ ಸಸ್ಯ ವೈರಸ್‌ಗಳ ಪಿ0 ಪ್ರೋಟೀನು ಅದನ್ನೇ ನಾಶ ಮಾಡಿಸುತ್ತದೆ. ಪಿ0 ಒಂದು ಎಫ್-ಬಾಕ್ಸ್ ಪ್ರೋಟೀನು, ಅಂದರೆ ಬೇರೆ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚಿಸುವ ಬಗೆಯದು; ಗುರುತು ಬಿದ್ದದ್ದು ಸಾಮಾನ್ಯವಾಗಿ ಪ್ರೋಟಿಯಾಸೋಮ್ ಎಂಬ ಕೋಶದ ಚೂರುಯಂತ್ರಕ್ಕೆ ಹೋಗುತ್ತದೆ. ಹಾಗಾಗಿ ಪ್ರೋಟಿಯಾಸೋಮ್ ನಿಲ್ಲಿಸುವ ಎಂಜಿ132 ಔಷಧಿ ಕೊಟ್ಟರೆ ಎಜಿಒ1 ಮರಳಲೇಬೇಕು, ಮರಳದಿದ್ದರೆ ಬ್ಲಾಟೇ (ಪ್ರೋಟೀನನ್ನು ಆಂಟಿಬಾಡಿಯಿಂದ ಬ್ಯಾಂಡಾಗಿ ತೋರಿಸುವ ಪರೀಕ್ಷೆ) ಕೆಟ್ಟಿದೆ. ನನಗೆ ಸಿಕ್ಕ ಸಲಹೆಯೆಲ್ಲ ಇದೇ ಧಾಟಿಯದು. ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಇನ್‌ಫಿಲ್ಟ್ರೇಶನ್‌ಗೆ (ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಎಲೆಗೆ ಜೀನು ತುಂಬುವುದಕ್ಕೆ) ಕೈ ಹಾಕಬೇಡಿ ಎಂದವರೂ ಇದ್ದರು. ಈಗ ಬ್ಲಾಟ್ ಮುಂದಿದೆ. ಎರಡೂ ಮಾತು ನಿಲ್ಲುವುದಿಲ್ಲ. ಎಂಜಿ132ಕ್ಕೆ ಪಿ0 ಬಗ್ಗುವುದಿಲ್ಲ ಎಂದು 2007ರಲ್ಲೇ ಪ್ರಕಟವಾಗಿದೆ. ಎಜಿಒ1 ಹೋಗುವುದು ಆಟೊಫೇಜಿ (ಕೋಶ ತನ್ನದೇ ಭಾಗಗಳನ್ನು ವ್ಯಾಕ್ಯುಯೋಲಿಗೆ ಸಾಗಿಸಿ ಜೀರ್ಣಿಸುವ) ದಾರಿಯಲ್ಲಿ ಎಂದು 2012ರಲ್ಲಿ ಬಂತು. ಶೋಧ ನನ್ನದಲ್ಲ. ಅದನ್ನು ಇಷ್ಟು ಕಡಿಮೆ ದುಡ್ಡಲ್ಲಿ ಇಲ್ಲಿ ಮಾಡಿ ತೋರಿಸಿದ್ದು ಮಾತ್ರ ನನ್ನದು.

ನಿಜ ಹೇಳಬೇಕೆಂದರೆ ಜುಲೈ, ಆಗಸ್ಟ್ ತಿಂಗಳೇ ಒಳ್ಳೆಯದು. ಕೋಣೆ ತಾನಾಗಿ 22–24 ಡಿಗ್ರಿಯಲ್ಲಿ ನಿಲ್ಲುತ್ತದೆ. ಏಪ್ರಿಲ್‌ನ ಬಿಸಿಲಲ್ಲಿ 29 ಡಿಗ್ರಿ ದಾಟಿದರೆ ಅಗ್ರೊಬ್ಯಾಕ್ಟೀರಿಯಂ ಡಿಎನ್‌ಎ ದಾಟಿಸುವುದನ್ನೇ ಬಿಡುತ್ತದೆ. ಮಳೆಗಾಲದ ತೊಂದರೆ ಬೆಳಕಿನದು: ಬೆಂಥಿ (ನಿಕೋಟಿಯಾನ ಬೆಂಥಾಮಿಯಾನ, ಪ್ರಯೋಗಕ್ಕೆ ಬಳಸುವ ತಂಬಾಕಿನ ಸಂಬಂಧಿ) ಗಿಡ ಉದ್ದಕ್ಕೆ ಎಳೆದುಕೊಂಡು ಎಲೆ ತೆಳ್ಳಗಾಗುತ್ತದೆ, ಪ್ರೋಟೀನು ಸಿಗುವುದಿಲ್ಲ. ಸಾಮಾನ್ಯ ಎಲ್‌ಇಡಿ ಟ್ಯೂಬ್‌ಲೈಟ್ 16 ಗಂಟೆ ಉರಿಸಿದರೆ ಸಾಕು. ನೀರು ಹೆಚ್ಚಾದರೆ ಸಸಿ ಬುಡ ಕೊಳೆತು ಬೀಳುತ್ತದೆ. ಕೋಕೋಪೀಟ್ ಮೇಲ್ಪದರ ಒಣಗಿದ ಮೇಲೆಯೇ ನೀರು.

ಬ್ಯಾಕ್ಟೀರಿಯಾ ಕದಡುವ ಬಫರ್ ಎಲ್ಲರದ್ದೇ: 10 ಮಿಲಿಮೋಲಾರ್ ಮೆಗ್ನೀಷಿಯಂ ಕ್ಲೋರೈಡ್, 10 ಎಂಇಎಸ್, ಪಿಎಚ್ 5.6, 150 ಮೈಕ್ರೋಮೋಲಾರ್ ಅಸಿಟೊಸಿರಿಂಗೋನ್, ಮೂರು ಗಂಟೆ ವಿಶ್ರಾಂತಿ. ಫ್ಲ್ಯಾಗ್ ಎಂಬ ಚಿಕ್ಕ ಟ್ಯಾಗ್ ಅಂಟಿಸಿದ ಎಜಿಒ1 (ಫ್ಲ್ಯಾಗ್-ಎಜಿಒ1) ಓಡಿ, ಅಂದರೆ ಬ್ಯಾಕ್ಟೀರಿಯಾದ ದಟ್ಟಣೆ, 0.3, ಹಸಿರಾಗಿ ಹೊಳೆಯುವ ಪ್ರೋಟೀನು ಜಿಎಫ್‌ಪಿ 0.3, ಪಿ0 0.1. ಪಿ0 ಇದಕ್ಕಿಂತ ಏರಿಸಿದರೆ ಎಲೆ ಹಳದಿಯಾಗುತ್ತದೆ. ಪಿ0 ಇಲ್ಲದ ಮಚ್ಚೆಗೆ ಖಾಲಿ ವೆಕ್ಟರ್ (ಪಿ0 ಜೀನಿಲ್ಲದ ಬ್ಯಾಕ್ಟೀರಿಯಾ) 0.1 ಸೇರಿಸಿ ಒಟ್ಟು ಓಡಿ ಸರಿದೂಗಿಸಲೇಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾಗಳ ಪೈಪೋಟಿಯಲ್ಲಿ ಎಜಿಒ1 ಕಡಿಮೆಯಾದದ್ದನ್ನೂ ವೈರಸ್ ತಿಂದಿತು ಎಂದು ಬರೆದುಬಿಡುತ್ತೀರಿ. ಮೂರನ್ನೂ ಒಂದೇ ದಿನ ಕೊಡಿ. ಎಸ್‌ಐಆರ್‌ಎನ್‌ಎ (ಯಾವ ಜೀನಿನ ಬಾಯಿ ಕಟ್ಟಬೇಕೆಂದು ತೋರಿಸುವ ಚಿಕ್ಕ ಆರ್‌ಎನ್‌ಎ) ತುಂಬಿಕೊಂಡು ಕೂತ ಎಜಿಒ1ನ್ನು ಪಿ0 ಅಲುಗಾಡಿಸಲಾರದು. ತಡವಾಗಿ ಬಂದ ಪಿ0 ದಂಡ.

ಜಿಎಫ್‌ಪಿ ಜೊತೆಗಿಟ್ಟಿದ್ದೇ ಬಾಯಿ ಮುಚ್ಚಿಸಿದ್ದು. ನಾಲ್ಕು-ಐದನೇ ದಿನ 365 ನ್ಯಾನೋಮೀಟರ್ ಟಾರ್ಚ್ ಹಿಡಿದರೆ ಖಾಲಿ ವೆಕ್ಟರ್ ಮಚ್ಚೆಯಲ್ಲಿ ಎಜಿಒ1 ಜಿಎಫ್‌ಪಿಯ ಬಾಯಿ ಕಟ್ಟಿ ಅದು ಕ್ಲೋರೋಫಿಲ್‌ನ ಕೆಂಪಿಗೆ ತಿರುಗಿರುತ್ತದೆ, ಎಜಿಒ1 ಹೋದ ಪಿ0 ಮಚ್ಚೆ ಹಸಿರಾಗಿಯೇ ಉಳಿದಿರುತ್ತದೆ. ಅದೇ ಮಚ್ಚೆಯ ಬ್ಲಾಟಿನಲ್ಲಿ ಜಿಎಫ್‌ಪಿ ಏರಿದೆ, ಎಜಿಒ1 ಇಳಿದಿದೆ. ಜೆಲ್‌ಗೆ ಹಾಕಿದ ಪ್ರೋಟೀನಿನ ಪ್ರಮಾಣ ತಪ್ಪಿದ್ದರೆ ಎರಡೂ ಒಟ್ಟಿಗೇ ಇಳಿಯಬೇಕಿತ್ತಲ್ಲ? ಎಫ್-ಬಾಕ್ಸ್ ಕೆಡಿಸಿದ ಪಿ0 ಹಾಕಿದಾಗ ಎಜಿಒ1 ಹಾಗೇ ಇರುತ್ತದೆ. ಹೋಲಿಕೆಗೆ ಪಿ19 (ಗಿಡದ ಇದೇ ರಕ್ಷಣೆಯನ್ನು ಮುರಿಯುವ ಇನ್ನೊಂದು ವೈರಸ್ ಪ್ರೋಟೀನು) ಇಡುವವರು ಜೋಪಾನ: ಪಿ19 ಎಂಐಆರ್168ನ್ನು (ಎಜಿಒ1 ತಯಾರಾಗದಂತೆ ತಡೆಯುವ ಚಿಕ್ಕ ಆರ್‌ಎನ್‌ಎ) ಏರಿಸಿ ತನ್ನದೇ ದಾರಿಯಲ್ಲಿ ಎಜಿಒ1 ಇಳಿಸುತ್ತದೆ. ಎಂಐಆರ್168 ಕೂರುವ ಜಾಗ ಬದಲಿಸಿದ ಎಜಿಒ1 ಬಳಸಿದರೆ ಈ ಗೊಂದಲವಿಲ್ಲ. ಟ್ಯಾಗ್ ಎನ್-ತುದಿಗೇ ಇರಲಿ; ಸಿ-ತುದಿಗೆ ಹಾಕಿದರೆ ಎಜಿಒ1 ಕೆಲಸ ಕೆಡುತ್ತದೆ.

ಹೆಚ್ಚಿನವರ ಬ್ಲಾಟ್ ಹಾಳಾಗುವುದು ಅರೆಯುವಲ್ಲಿ. ಸೌಮ್ಯ ಬಫರ್‌ನಲ್ಲಿ ಅರೆದರೆ ಎಲೆಯ ವ್ಯಾಕ್ಯುಯೋಲಿನ ಪ್ರೋಟಿಯೇಸ್‌ಗಳೇ ಎಜಿಒ1 ಮುಗಿಸುತ್ತವೆ, ಅಪವಾದ ಪಿ0ಗೆ. ಬೆರಳಗಲದ ಮೂರು ಬಿಲ್ಲೆ ಕತ್ತರಿಸಿ, ದ್ರವ ಸಾರಜನಕದಲ್ಲಿ ಪುಡಿ ಮಾಡಿ, ಪುಡಿ ಕರಗುವ ಮೊದಲೇ ಬಿಸಿ ಎಸ್‌ಡಿಎಸ್ ಬಫರ್ ಸುರಿದು 95 ಡಿಗ್ರಿಗೆ ಇಡಬೇಕು. ಶೇ 7.5ರ ಜೆಲ್, ರಾತ್ರಿಯಿಡೀ ತಣ್ಣನೆಯ ವೆಟ್ ಟ್ರಾನ್ಸ್‌ಫರ್. ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ, ಆದ್ದರಿಂದ ಪವರ್‌ಪ್ಯಾಕ್ ಇನ್ವರ್ಟರ್ ಮೇಲೆಯೇ ಇರಬೇಕು.

ಎಂಜಿ132 100 ಮೈಕ್ರೋಮೋಲಾರ್, ಕೊಯ್ಯುವ ಸುಮಾರು 12 ಗಂಟೆ ಮುಂಚೆ. ಎಜಿಒ1 ಬರಲಿಲ್ಲ, ಆದರೆ ಅದೇ ಮೆಂಬ್ರೇನನ್ನು ಯುಬಿಕ್ವಿಟಿನ್ ಆಂಟಿಬಾಡಿಯಲ್ಲಿ ನೋಡಿದರೆ ಉದ್ದಕ್ಕೂ ಕಪ್ಪು ಮಸಿ. ಅಂದರೆ ಔಷಧಿ ಕೆಲಸ ಮಾಡಿದೆ, ಪ್ರೋಟಿಯಾಸೋಮ್ ನಿಂತಿದೆ, ಎಜಿಒ1 ಮಾತ್ರ ಬೇರೆ ಬಾಗಿಲಲ್ಲಿ ಹೋಗಿದೆ. ಈ ಮಸಿ ತೋರಿಸದೆ ಯಾರ ಜೊತೆಗೂ ವಾದಕ್ಕಿಳಿಯಬೇಡಿ. ವ್ಯಾಕ್ಯುಯೋಲಿನ ಪ್ರೋಟಿಯೇಸ್ ತಡೆಯುವ ಇ64ಡಿ ಕೊಟ್ಟಾಗ ಬ್ಯಾಂಡ್ ಮರಳಿತು, ಆಟೊಫೇಜಿ ತಡೆಯುವ 3-ಎಂಎ ಕೊಟ್ಟಾಗಲೂ. 3-ಎಂಎ ಮಳೆಗಾಲದ ತಂಪಿಗೆ ಸಿರಿಂಜಿನಲ್ಲೇ ಹರಳುಗಟ್ಟುತ್ತದೆ. ಬಿಸಿನೀರಲ್ಲಿಟ್ಟು ಬೆಚ್ಚಗಿರುವಾಗಲೇ ಎಲೆಗೆ ಹಾಕಿ.

ನಡುವೆ ಇನ್ನೊಂದು ಹುಚ್ಚು. ಬಾಳೆಯ ಬಂಚಿ ಟಾಪ್ ವೈರಸ್ಸಿನ ಕ್ಲಿಂಕ್ ಪ್ರೋಟೀನಿನಲ್ಲೂ ಎಫ್-ಬಾಕ್ಸ್ ಇದೆ, ರೋಗ ಹಿಡಿದ ಪುಟ್ಟಬಾಳೆ ತೋಟದಲ್ಲೇ ಇದೆ. ಬಾಳೆಯ ಸೊನೆಗೆ ಪಿಸಿಆರ್ ಏಳುವುದಿಲ್ಲ. ಅರೆಯುವಾಗ ಶೇ 2 ಪಿವಿಪಿ ಹಾಕಿದ ಮೇಲೆ ಬ್ಯಾಂಡ್ ಬಂತು. ಕ್ಲೋನಿಂಗ್ ಬಾಕಿ.

ಖರ್ಚು, ನೆನಪಿದ್ದಷ್ಟು: ಪಿ0 ಮತ್ತು ಅದರ ಮ್ಯುಟೆಂಟ್ ಜೀನ್ ಮಾಡಿಸಲು ₹18,000, ಎಂಜಿ132ಕ್ಕೆ ₹12,000, ಟಾರ್ಚಿಗೆ ₹1,500. ಎಜಿಒ1 ಆಂಟಿಬಾಡಿ ₹45,000 ಹೇಳಿದರು, ಬಿಟ್ಟೆ. ಫ್ಲ್ಯಾಗ್ ಆಂಟಿಬಾಡಿ ಅದರ ಅರ್ಧಕ್ಕೆ ಬಂತು, ಟ್ವೀನ್-20 ಹಾಕಿದ ಬಫರ್‌ನಲ್ಲಿ ಅಜೈಡ್ ಹಾಕಿಟ್ಟು ಮತ್ತೆ ಮತ್ತೆ ಬಳಸಿದೆ. ಅಜೈಡ್ ಎಚ್‌ಆರ್‌ಪಿಯನ್ನು (ಎರಡನೇ ಆಂಟಿಬಾಡಿಗೆ ಅಂಟಿಸಿದ, ಬ್ಯಾಂಡ್ ಕಾಣಿಸುವ ಕಿಣ್ವ) ಕೊಲ್ಲುತ್ತದೆ, ಎರಡನೇ ಆಂಟಿಬಾಡಿಗೆ ಮೊದಲು ಚೆನ್ನಾಗಿ ತೊಳೆಯಿರಿ. ಬ್ಲಾಕಿಂಗಿಗೆ ಅಂಗಡಿಯ ಕೆನೆರಹಿತ ಹಾಲಿನ ಪುಡಿಯೇ ಸಾಕು. ಅದರ ಜೊತೆ ಚಿಟಿಕೆಯಷ್ಟು ಸೇರಿಸುವ ಇನ್ನೊಂದಿದೆ, ಹಿನ್ನೆಲೆ ಪೂರ್ತಿ ಬಿಳಿಯಾಗುವುದು ಅದರಿಂದ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.